ಸಂಖ್ಯಾಶಾಸ್ತ್ರದ ಪ್ರಥಮ ಪಾಠವೂ ಗುಂಪಿನ ಕೆಲಸವೂ: ಒಂದು ಸಮೀಕ್ಷೆ

ಭದ್ರಾ ಜಲಾಶಯದ ಆಸುಪಾಸಿನ ಊರುಗಳಲ್ಲಿ ಮುಂಗಾರು ಮೊದಲಾಯಿತೆಂದರೆ, ಪ್ರಾತಃಕಾಲದ ವೃತ್ತಪತ್ರಿಕೆಯನ್ನು ಕೈಗೆತ್ತಿಕೊಂಡವನ ಕಣ್ಣು ರಾಜಕೀಯ ವಾರ್ತೆಗಳನ್ನೆಲ್ಲ ದಾಟಿ ಒಳಪುಟದ ಮೂಲೆಯಲ್ಲಿರುವ ಒಂದು ಚಿಕ್ಕ ಕೋಷ್ಟಕದ ಮೇಲೆ ನಿಲ್ಲುತ್ತದೆ: ಗರಿಷ್ಠ ಮಟ್ಟ 186 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು, ಹೋದ ವರ್ಷ ಇದೇ ದಿನ ಇಷ್ಟು. ಆ ಅಂಕಿಗಳನ್ನು ಓದಿ, ಕಳೆದುಹೋದ ವರ್ಷಗಳನ್ನು ಮನಸ್ಸಿನಲ್ಲಿಯೇ ತೂಗಿನೋಡಿ, ಬೇಸಿಗೆಯ ಭತ್ತಕ್ಕೆ ನಾಲೆಯಲ್ಲಿ ನೀರು ಬಂದೀತೇ ಬಾರದೇ ಎಂದು ನಿರ್ಣಯಿಸುವ ಗದ್ದೆಯ ರೈತನು ಮುನ್ನಂದಾಜಿನ ವಿದ್ಯೆಯನ್ನೇ ಬಳಸುತ್ತಿರುವನು. ಅಡಿಕೆಯ ಧಾರಣೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲುಗಳಿಗೆ ಕನಿಷ್ಠ ದರ, ಗರಿಷ್ಠ ದರ, ಹೆಚ್ಚು ವಹಿವಾಟು ನಡೆದ ದರ ಎಂಬ ಮೂರನ್ನು ಬೇರೆಬೇರೆಯಾಗಿ ನೋಡಿ, ಗರಿಷ್ಠವನ್ನು ನಂಬಿ ಕೆಡಬಾರದೆಂದು ಮೂರನೆಯದರ ಮೇಲೆಯೇ ತನ್ನ ವರ್ಷದ ಲೆಕ್ಕವನ್ನು ಕಟ್ಟುವ ತೋಟದವನಾದರೋ, ಬಹುಲಕವೆಂಬ ಮಾನವನ್ನು ಅದರ ಹೆಸರನ್ನರಿಯದೆಯೇ ಉಪಯೋಗಿಸುತ್ತಿರುವನು. ಇಂತಹ ಮನೆಯ ಮಗನೋ ಮಗಳೋ ಕಾಲೇಜಿಗೆ ಸೇರಿ, ಸಂಖ್ಯಾಶಾಸ್ತ್ರದ ಮೊದಲ ಪತ್ರಿಕೆಯನ್ನು ಎದುರಿಸಿದೊಡನೆ, ಇದು ತನ್ನ ಲೋಕಕ್ಕೆ ಸಂಬಂಧಿಸಿದ್ದೇ ಅಲ್ಲವೆಂದು ಬೆದರಿ ಹಿಂಜರಿಯುವುದು ಏತಕ್ಕೆಂಬುದು ವಿಚಾರಾರ್ಹವಾದ ಪ್ರಶ್ನೆ. ಈ ಬೆದರಿಕೆಗೆ ಪರಿಹಾರವೆಂದು ಇತ್ತೀಚಿನ ದಶಕಗಳಲ್ಲಿ ಶಿಕ್ಷಣಜ್ಞರು ಸೂಚಿಸುತ್ತ ಬಂದಿರುವುದು ಗುಂಪಿನ ಕೆಲಸ. ವಿದ್ಯಾರ್ಥಿಗಳನ್ನು ಮೂರು ನಾಲ್ಕು ಮಂದಿಯ ತಂಡಗಳನ್ನಾಗಿ ಮಾಡಿ, ಪಾಠವನ್ನೆಲ್ಲ ಆ ತಂಡಗಳ ಉದ್ಯಮದ ಸುತ್ತ ಹೆಣೆಯುವ ಪದ್ಧತಿ. ಅದರ ಗುಣದೋಷಗಳನ್ನು ನಮ್ಮ ನೆಲದ ಮೇಲೆ ನಿಂತು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ತರೀಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಲಕ್ಕವಳ್ಳಿ ಅಣೆಕಟ್ಟೆಯ ಈಚೆಗಿದ್ದರೆ, ಆಚೆಗೆ ಭದ್ರಾ ನದಿ ಯೋಜನೆಯ, ನಮ್ಮ ಜನ ಬಿ.ಆರ್.ಪಿ. ಎಂದೇ ಕರೆಯುವ ಕಾಲೊನಿಯೂ, ಅದರ ನೆರೆಯಲ್ಲಿ 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯದ ಶಂಕರಘಟ್ಟದ ಆವರಣವೂ ಇವೆ. ಹೀಗೆ ವಿಶ್ವವಿದ್ಯಾನಿಲಯವೊಂದು ಕಣ್ಣಳತೆಯಲ್ಲಿದ್ದರೂ, ಪದವಿ ತರಗತಿಗಳಿಗೆ ಈ ಸುತ್ತಿನ ಮಕ್ಕಳು ಬಸ್ಸು ಹತ್ತಿ ತರೀಕೆರೆಗೋ ಭದ್ರಾವತಿಗೋ ಶಿವಮೊಗ್ಗಕ್ಕೋ ಹೋಗತಕ್ಕವರು. ಪಿಯುಸಿಯಲ್ಲಿ ಸೆಬಾ (ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ) ತೆಗೆದುಕೊಂಡು ಬಂದ ವಾಣಿಜ್ಯದ ವಿದ್ಯಾರ್ಥಿ, ಗಣಿತದ ಜೊತೆಗೆ ಇದನ್ನೂ ಆರಿಸಿಕೊಂಡ ಬಿ.ಎಸ್‌ಸಿ. ವಿದ್ಯಾರ್ಥಿ, ಅರ್ಥಶಾಸ್ತ್ರದ ನಡುವೆ ಒಂದು ಪತ್ರಿಕೆಯಾಗಿ ಇದನ್ನು ಕಂಡವನು, ಇವರೆಲ್ಲರೂ ಒಂದೇ ಬಾಗಿಲಿನಿಂದ ಒಳಹೊಗುತ್ತಾರೆ: ಸರಾಸರಿ, ಮಧ್ಯಾಂಕ, ಬಹುಲಕ, ಮಾನಕ ವಿಚಲನೆ, ಸಹಸಂಬಂಧ, ಸಂಭವನೀಯತೆ, ಕಡೆಗೆ ಮಾದರಿಯಿಂದ ಸಮಷ್ಟಿಯನ್ನು ಊಹಿಸುವ ಕ್ರಮ. ಇವರಲ್ಲಿ ಸಂಖ್ಯಾಶಾಸ್ತ್ರಜ್ಞರಾಗುವವರು ನೂರಕ್ಕೆ ಒಬ್ಬರಿದ್ದಾರೋ ಇಲ್ಲವೋ. ಆದಕಾರಣ ಪ್ರಥಮ ಪಾಠದ ಯಶಸ್ಸನ್ನು ಉಳಿದ ತೊಂಬತ್ತೊಂಬತ್ತು ಮಂದಿಯ ಬುದ್ಧಿಯಲ್ಲಿ ಏನುಳಿಯಿತೆಂಬುದರಿಂದಲೇ ಅಳೆಯತಕ್ಕದ್ದು. ಸದ್ಯದ ಕ್ರಮದಲ್ಲಿ ಉಳಿಯುವುದು ಸೂತ್ರ. ಪುಸ್ತಕದಲ್ಲಿ ಕೊಟ್ಟ ಇಪ್ಪತ್ತು ಅಂಕಿಗಳನ್ನು ಕ್ಯಾಲ್ಕುಲೇಟರಿಗೆ ಒತ್ತಿ, ಬಂದ ಉತ್ತರವನ್ನು ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಬರೆದು, ಸಹಿ ಮಾಡಿಸಿದರೆ ಪಾಠ ಮುಗಿಯಿತು. ಆ ಇಪ್ಪತ್ತು ಅಂಕಿಗಳು ಎಲ್ಲಿಂದ ಬಂದವು, ಯಾರು ಎಣಿಸಿದರು, ಎಣಿಸಿದವರು ತಪ್ಪಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಏಳುವುದಕ್ಕೆ ಅವಕಾಶವೇ ಇಲ್ಲ.

ಗುಂಪಿನ ಪದ್ಧತಿಯ ಪರವಾಗಿ ಹೊರದೇಶಗಳಲ್ಲಿ ನಡೆದ ವಾದವನ್ನು ಮೊದಲು ಸಂಕ್ಷೇಪವಾಗಿ ನೋಡಬಹುದು. ಅಮೆರಿಕದ ಮಿನಸೋಟದಲ್ಲಿ ಬೋಧಿಸುತ್ತಿದ್ದ ಜೋನ್ ಗಾರ್ಫೀಲ್ಡ್ 1993ರಲ್ಲಿ, ಸಂಖ್ಯಾಶಾಸ್ತ್ರದ ಬೋಧನೆಗೆಂದೇ ಹೊಸದಾಗಿ ಪ್ರಾರಂಭವಾದ ಪತ್ರಿಕೆಯ ಮೊದಲ ಸಂಚಿಕೆಯಲ್ಲಿಯೇ, ಚಿಕ್ಕ ಗುಂಪುಗಳಲ್ಲಿ ಸಹಕಾರದಿಂದ ಕಲಿಯುವುದು ಈ ವಿಷಯಕ್ಕೆ ಏಕೆ ಒಗ್ಗುತ್ತದೆಂದು ವಿಸ್ತಾರವಾಗಿ ಬರೆದರು. ಅಮೆರಿಕದ ಸಂಖ್ಯಾಶಾಸ್ತ್ರ ಸಂಘವು 2005ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯು, ನಿಜವಾದ ದತ್ತಾಂಶವನ್ನು ಬಳಸಿರಿ, ವಿದ್ಯಾರ್ಥಿಗಳು ಸುಮ್ಮನೆ ಕುಳಿತು ಕೇಳುವಂತೆ ಮಾಡದಿರಿ ಎಂದು ಕಾಲೇಜುಗಳಿಗೆ ಹೇಳಿತು. ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ ವಿಜ್ಞಾನ, ಎಂಜಿನಿಯರಿಂಗ್, ಗಣಿತಗಳಿಗೆ ಸಂಬಂಧಿಸಿದ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕೇವಲ ಉಪನ್ಯಾಸವನ್ನು ಕೇಳಿದ ತರಗತಿಗಳಲ್ಲಿ ಅನುತ್ತೀರ್ಣರಾದವರು ನೂರಕ್ಕೆ ಸುಮಾರು 34, ತಾವೇ ಕೈಹಾಕಿ ಕಲಿತ ತರಗತಿಗಳಲ್ಲಿ ಸುಮಾರು 22 ಎಂದು ಕಂಡುಬಂದಿತು. ಈ ಅಂತರ ಅಲ್ಪವಾದುದಲ್ಲ. ಆದರೆ ಆ 225ರಲ್ಲಿ ಗುಂಪಿನ ಕೆಲಸವೂ ಒಂದು ಬಗೆ ಮಾತ್ರ. ಆದ್ದರಿಂದ ಇಡೀ ಯಶಸ್ಸನ್ನು ಗುಂಪಿನ ಖಾತೆಗೆ ಜಮಾ ಮಾಡುವುದು ಸಂಖ್ಯಾಶಾಸ್ತ್ರವೇ ಒಪ್ಪದ ಲೆಕ್ಕ.

ಎದುರುಪಕ್ಷವೂ ದುರ್ಬಲವಾದುದಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರಾದ ಮ್ಯಾಕ್ಸ್ ರಿಂಗೆಲ್ಮನ್ ಎಂಬಾತನು, ಹಗ್ಗ ಜಗ್ಗುವ ಆಳುಗಳ ಬಲವನ್ನು ಅಳೆದು, ಗುಂಪು ದೊಡ್ಡದಾದಷ್ಟೂ ಒಬ್ಬೊಬ್ಬನು ಹಾಕುವ ಬಲ ಕುಗ್ಗುವುದೆಂದೂ, ಎಂಟು ಮಂದಿ ಕೂಡಿದಾಗ ತಲೆಗೆ ಅರ್ಧದಷ್ಟು ಬಲ ಮಾತ್ರ ಬೀಳುವುದೆಂದೂ 1913ರಲ್ಲಿ ಪ್ರಕಟಿಸಿದನು. 1979ರಲ್ಲಿ ಬಿಬ್ ಲಟಾನೆ ಮತ್ತು ಸಹೋದ್ಯೋಗಿಗಳು ಚಪ್ಪಾಳೆ ತಟ್ಟುವುದರಲ್ಲಿಯೂ ಕೂಗುವುದರಲ್ಲಿಯೂ ಇದೇ ಪ್ರವೃತ್ತಿಯನ್ನು ಕಂಡು ಅದನ್ನು ಸಾಮಾಜಿಕ ಆಲಸ್ಯವೆಂದು ಕರೆದರು. ಇದನ್ನು ಕಾಣಲು ಫ್ರಾನ್ಸಿಗೆ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಒಂದು ಕಾಲೇಜಿನಲ್ಲಿ, ಹೆಸರು ಅಪ್ರಸ್ತುತ, ಬಿ.ಕಾಂ. ವಿದ್ಯಾರ್ಥಿಗಳ ಗುಂಪು ಅಸೈನ್‌ಮೆಂಟುಗಳ ಒಂದು ಕಟ್ಟನ್ನು ನೋಡುವ ಅವಕಾಶ ಒದಗಿತ್ತು. ಪ್ರತಿಯೊಂದಕ್ಕೂ ಸ್ಪೈರಲ್ ಬೈಂಡಿಂಗು, ಮೇಲೆ ಬಣ್ಣದ ರಟ್ಟು, ಮೊದಲ ಪುಟದಲ್ಲಿ ಆರಾರು ಹೆಸರುಗಳು; ಒಳಗಾದರೋ ಆದ್ಯಂತವಾಗಿ ಒಂದೇ ಕೈಬರಹ. ಆ ಕೈಬರಹ ಹೆಚ್ಚಿನವುಗಳಲ್ಲಿ ಗುಂಪಿನ ಒಬ್ಬ ಹುಡುಗಿಯದು. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಬರೆಯುವ ಭಾರವೆಲ್ಲ ಅವಳ ಪಾಲಿಗೆ ಬಂದಿತ್ತು. ರೋಲ್ ನಂಬರಿನ ಪ್ರಕಾರ ಮಾಡಿದ ಗುಂಪಾದುದರಿಂದ ಒಬ್ಬನು ಬೀರೂರಿನ ಕಡೆಯವನು, ಮತ್ತೊಬ್ಬಳು ಕಾಡಂಚಿನ ಹಳ್ಳಿಯವಳು; ಸಂಜೆಯ ಬಸ್ಸಿನ ವೇಳೆ ಒಬ್ಬೊಬ್ಬರಿಗೆ ಒಂದೊಂದು; ಎಲ್ಲರೂ ಕೂಡಿ ಕುಳಿತುಕೊಳ್ಳಲು ದಿನದಲ್ಲಿ ಅರ್ಧ ಗಂಟೆಯೂ ದೊರೆಯದು. ಹೀಗಿರಲು ಅವರು ಕೆಲಸವನ್ನು ಹಂಚಿಕೊಂಡ ಬಗೆ ಅತ್ಯಂತ ವಿವೇಕಯುತವಾದುದು: ಇಬ್ಬರು ಝೆರಾಕ್ಸಿಗೂ ಬೈಂಡಿಂಗಿಗೂ ದುಡ್ಡು ಹಾಕಿದರು, ಒಬ್ಬನು ಅಂಕಿಗಳನ್ನು ಒದಗಿಸಿದನು (ಎಲ್ಲಿಂದ ಒದಗಿಸಿದನೆಂದು ಕೇಳದಿರುವುದೇ ಸೌಜನ್ಯ), ಒಬ್ಬಳು ಬರೆದಳು, ಉಳಿದವರು ಸಹಿ ಹಾಕಿದರು, ಆರು ಮಂದಿಗೂ ಸಮಾನವಾದ ಇಂಟರ್ನಲ್ ಅಂಕ ಬಂದಿತು. ಇದರಲ್ಲಿ ವಿದ್ಯಾರ್ಥಿಗಳನ್ನು ದೂಷಿಸುವುದಕ್ಕೆ ನನಗೆ ಮನಸ್ಸಿಲ್ಲ. ಹಂಚಿಬಿಡಬಹುದಾದ ಕೆಲಸವನ್ನು ಕೊಟ್ಟರೆ ಬುದ್ಧಿವಂತರು ಹಂಚಿಯೇ ಹಂಚುತ್ತಾರೆ. ದೋಷವಿದ್ದರೆ ಅದು ಕೊಟ್ಟ ಕೆಲಸದ ಸ್ವರೂಪದಲ್ಲಿದೆ.

ಇಲ್ಲಿಯೇ ನಮ್ಮ ವಿಚಾರದ ಗ್ರಂಥಿ ಇರುವುದು. ಗುಂಪೆಂದರೆ ಹಲವು ಕೈಗಳುಳ್ಳ ಒಂದು ಆಳು ಎಂದು ಭಾವಿಸಿದರೆ ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಅದಕ್ಕೆ ವಿಶೇಷವಾದ ಸ್ಥಾನವೇನೂ ಇಲ್ಲ. ಇತಿಹಾಸದ ತರಗತಿಯಲ್ಲಿ ಎಷ್ಟಿದೆಯೋ ಅಷ್ಟೇ. ಗುಂಪೆಂದರೆ ಪರಸ್ಪರ ಸ್ವತಂತ್ರವಾಗಿ ನೋಡುವ ಹಲವು ಕಣ್ಣುಗಳು ಎಂದು ಭಾವಿಸಿದಾಗ ಮಾತ್ರ, ಈ ಶಾಸ್ತ್ರಕ್ಕೂ ಗುಂಪಿಗೂ ಇರುವ ಆಂತರಿಕ ಸಂಬಂಧ ಗೋಚರವಾಗುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1907ರಲ್ಲಿ ವರದಿ ಮಾಡಿದ ಪ್ಲಿಮತ್ ಜಾನುವಾರು ಪ್ರದರ್ಶನದ ಪ್ರಸಂಗ ಪ್ರಸಿದ್ಧವಾದುದು. ಎತ್ತೊಂದನ್ನು ಕಡಿದು ಸಿದ್ಧಪಡಿಸಿದ ಮಾಂಸದ ತೂಕವನ್ನು ಊಹಿಸಿರೆಂದು ಪಂದ್ಯವಿಟ್ಟಾಗ ಬಂದ ಚೀಟಿಗಳಲ್ಲಿ ಓದಲು ಬಂದ 787ರ ಮಧ್ಯಾಂಕ 1207 ಪೌಂಡು. ನಿಜವಾದ ತೂಕ 1198. ಕಟುಕರೂ ರೈತರೂ ಸುಮ್ಮನೆ ನೋಡಲು ಬಂದವರೂ ಕೂಡಿದ ಜನಸಮೂಹ ಅಷ್ಟು ಸಮೀಪಕ್ಕೆ ಬಂದದ್ದನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಅವರು ಒಬ್ಬೊಬ್ಬರೂ ತಮ್ಮ ತಮ್ಮ ಚೀಟಿಯಲ್ಲಿ ಬೇರೆಬೇರೆಯಾಗಿ ಬರೆದರೆಂಬ ಅಂಶವನ್ನು ಕೊಂಡಾಡುವವರು ವಿರಳ. ಅದೇ ಜನ ಒಂದು ಮರದಡಿ ಕುಳಿತು ಮೊದಲು ಚರ್ಚಿಸಿದ್ದರೆ, ಗಟ್ಟಿಯಾಗಿ ಮಾತನಾಡುವ ಒಬ್ಬ ಕಟುಕನ ಊಹೆಯೇ ಎಲ್ಲರ ಊಹೆಯಾಗಿ, 787 ಚೀಟಿಗಳ ಬೆಲೆ ಒಂದು ಚೀಟಿಯ ಬೆಲೆಗೆ ಇಳಿಯುತ್ತಿತ್ತು. ತರಗತಿಯ ಗುಂಪಿನಲ್ಲಿ ನಡೆಯುವುದು ಬಹುಮಟ್ಟಿಗೆ ಈ ಮರದಡಿಯ ಚರ್ಚೆ.

ಸ್ವತಂತ್ರವಾಗಿ ನೋಡುವ ಹಲವು ಕಣ್ಣುಗಳ ಈ ತತ್ತ್ವವನ್ನು ಒಂದು ವಿಧಾನವನ್ನಾಗಿ ಬೆಳೆಸಿದ ಕೀರ್ತಿ ನಮ್ಮ ದೇಶದ್ದೇ ಎಂಬುದನ್ನು ನಮ್ಮ ಕಾಲೇಜುಗಳು ಮರೆತಂತಿದೆ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ಅಲ್ಲಿನ ಒಂದು ಕೊಠಡಿಯಲ್ಲಿ ನಡೆಸುತ್ತಿದ್ದ ಪ್ರಯೋಗಾಲಯವನ್ನೇ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನಾಗಿ ರೂಪಿಸಿದ ಪ್ರಶಾಂತಚಂದ್ರ ಮಹಲನೋಬಿಸ್ ಅವರು, 1930ರ ದಶಕದ ಉತ್ತರಾರ್ಧದಲ್ಲಿ ಬಂಗಾಳದ ಸೆಣಬಿನ ಬೆಳೆಯ ವಿಸ್ತೀರ್ಣವನ್ನು ಮಾದರಿ ಸಮೀಕ್ಷೆಯಿಂದ ಅಂದಾಜು ಮಾಡುವ ಕಾರ್ಯವನ್ನು ಕೈಗೊಂಡರು. ಮಾದರಿ ಚಿಕ್ಕದಾದುದರಿಂದ ಬರುವ ದೋಷವನ್ನು ಸೂತ್ರದಿಂದ ತಿಳಿಯಬಹುದು; ಆದರೆ ಗದ್ದೆಗೆ ಹೋದ ಅಳತೆಗಾರನು ತಪ್ಪಿ ಬರೆದುದರಿಂದ, ಅಥವಾ ಹೋಗದೆಯೇ ಬರೆದುದರಿಂದ, ಬರುವ ದೋಷವನ್ನು ಯಾವ ಸೂತ್ರ ತಾನೇ ಹೇಳೀತು? ಇದಕ್ಕೆ ಅವರು ಕಂಡುಕೊಂಡ ಉಪಾಯ ಸರಳವೂ ಗಂಭೀರವೂ ಆದುದು. ಒಂದೇ ಪ್ರದೇಶದಿಂದ ಎರಡು ಪ್ರತ್ಯೇಕ ಮಾದರಿಗಳನ್ನು ಯಾದೃಚ್ಛಿಕವಾಗಿ ಆರಿಸಿ, ಎರಡು ತಂಡಗಳಿಗೆ ಒಪ್ಪಿಸಿ, ಒಂದರ ಫಲಿತಾಂಶ ಇನ್ನೊಂದಕ್ಕೆ ತಿಳಿಯದಂತೆ ಅಳೆಯಿಸುವುದು. ಆ ಬಳಿಕ ಎರಡು ಅಂದಾಜುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು. ಅವು ಸಮೀಪವಾಗಿದ್ದರೆ ಸಮೀಕ್ಷೆಯ ಮೇಲೆ ಭರವಸೆ, ದೂರವಾಗಿದ್ದರೆ ಎಚ್ಚರಿಕೆ. ಪರಸ್ಪರ ಹೆಣೆದುಕೊಂಡ ಉಪಮಾದರಿಗಳ ಈ ಜಾಲವು ಮುಂದೆ 1950ರಲ್ಲಿ ಮೊದಲಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿಯೂ ಬಳಕೆಗೆ ಬಂದಿತು. ಎರಡು ತಂಡಗಳ ನಡುವಣ ಭಿನ್ನಾಭಿಪ್ರಾಯವನ್ನೇ ಜ್ಞಾನದ ಸಾಧನವನ್ನಾಗಿ ಮಾಡಿದ ಈ ಪದ್ಧತಿಗಿಂತ ಒಳ್ಳೆಯ ಗುಂಪಿನ ಪಾಠವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಮಹಲನೋಬಿಸರ ಆ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿಯೇ ಬೆಳೆದು ಜಗತ್ಪ್ರಸಿದ್ಧರಾದ ಸಿ.ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಲಕ್ಕವಳ್ಳಿಯ ಅಣೆಯನ್ನು ಹಾಯ್ದ ಭದ್ರೆಯು ಕೂಡಲಿಯಲ್ಲಿ ತುಂಗೆಯನ್ನು ಸೇರಿ, ಹೂವಿನಹಡಗಲಿ ತಾಲ್ಲೂಕಿನ ಅಂಚಿನಲ್ಲಿಯೇ ಹರಿದುಹೋಗುತ್ತಾಳೆ. ವಿಷಯಾಂತರವಾದರೂ, ನಮ್ಮ ವಿದ್ಯಾರ್ಥಿಗಳು ಕೇಳದೆ ಉಳಿದಿರುವ ಸಂಗತಿಯೆಂದು ಇಲ್ಲಿ ಹೇಳಿದೆ.

ಇನ್ನು ಸ್ವತಂತ್ರ ತಂಡಗಳ ಈ ಪದ್ಧತಿ ತರಗತಿಯಲ್ಲಿ ಹೇಗೆ ನಡೆದೀತೆಂಬುದಕ್ಕೆ ಒಂದು ನಿದರ್ಶನವನ್ನು ಸ್ವಲ್ಪ ಸಾವಕಾಶವಾಗಿ ನೋಡೋಣ. ಒಂದು ಬಿಂದಿಗೆಯ ತುಂಬ ಹುಣಿಸೆಬೀಜ. ಅದರಲ್ಲಿ ಒಟ್ಟು ಎಷ್ಟಿವೆ ಎಂಬುದು ಉಪಾಧ್ಯಾಯನಿಗೂ ತಿಳಿಯದಿರುವುದು ಒಳ್ಳೆಯದು. 60 ಬೀಜಗಳನ್ನು ಹೊರತೆಗೆದು, ಉಗುರುಬಣ್ಣದಿಂದ ಒಂದೊಂದಕ್ಕೂ ಬೊಟ್ಟಿಟ್ಟು, ಒಣಗಿದ ಮೇಲೆ ಮತ್ತೆ ಬೆರೆಸಿ, ಬಿಂದಿಗೆಯನ್ನು ಚೆನ್ನಾಗಿ ಕುಲುಕಬೇಕು. ಆಮೇಲೆ ಮೊದಲನೆಯ ಗುಂಪು ಕಣ್ಣುಮುಚ್ಚಿ 50 ಬೀಜಗಳನ್ನು ತೆಗೆಯಲಿ. ಅವುಗಳಲ್ಲಿ ಬೊಟ್ಟಿರುವವು 6 ಎಂದಿಟ್ಟುಕೊಂಡರೆ, 60ನ್ನು 50ರಿಂದ ಗುಣಿಸಿ 6ರಿಂದ ಭಾಗಿಸಿದಾಗ, ಬಿಂದಿಗೆಯಲ್ಲಿ ಸುಮಾರು 500 ಬೀಜಗಳಿವೆಯೆಂದಾಯಿತು. ಈ ಸಂಖ್ಯೆಯನ್ನು ಯಾರಿಗೂ ಹೇಳದೆ ಚೀಟಿಯಲ್ಲಿ ಬರೆದು ಮಡಚಿಟ್ಟು, ಬೀಜಗಳನ್ನು ಹಿಂದಿರುಗಿಸಿ, ಬಿಂದಿಗೆಯನ್ನು ಮುಂದಿನ ಗುಂಪಿಗೆ ಸಾಗಿಸಬೇಕು. ಆ ಗುಂಪಿಗೆ ಬೊಟ್ಟಿನ ಬೀಜ 4 ಬಂದರೆ ಅವರ ಅಂದಾಜು 750. ಮತ್ತೊಂದಕ್ಕೆ 10 ಬಂದರೆ 300. ಎಂಟು ಗುಂಪುಗಳ ಚೀಟಿಗಳನ್ನು ಬಿಚ್ಚಿ ಹಲಗೆಯ ಮೇಲೆ ಬರೆದಾಗ ತರಗತಿಯಲ್ಲಿ ಗದ್ದಲವೇಳುವುದು ಸಹಜ. ಒಬ್ಬರನ್ನೊಬ್ಬರು ನೀವು ಎಣಿಸಿದ್ದು ತಪ್ಪೆನ್ನುತ್ತಾರೆ. ಯಾರದೂ ತಪ್ಪಲ್ಲವೆಂದೂ, ಸರಿಯಾದ ವಿಧಾನದಿಂದಲೇ ಇಷ್ಟು ಬೇರೆಬೇರೆ ಉತ್ತರಗಳು ಬರಬಹುದೆಂದೂ, ಆ ಚದರಿಕೆಗೇ ಒಂದು ಅಳತೆಯುಂಟೆಂದೂ ಉಪಾಧ್ಯಾಯನು ಹೇಳತಕ್ಕ ಗಳಿಗೆ ಅದು. ಮಾದರಿಯಿಂದ ಮಾದರಿಗೆ ಆಗುವ ವ್ಯತ್ಯಾಸವೆಂದು ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಓದಿದ್ದು ಒಬ್ಬನೇ ಕುಳಿತು ಮಾಡಿದ ಲೆಕ್ಕದಲ್ಲಿ ಎಂದಿಗೂ ಕಾಣಿಸದು, ಏಕೆಂದರೆ ಒಬ್ಬನಿಗೆ ಬರುವುದು ಒಂದೇ ಉತ್ತರ. ಕಾಣಬೇಕಾದರೆ ಹಲವರು ಬೇಕು. ಆ ಹಲವರು ಬೇರೆಬೇರೆಯಾಗಿ ಎಣಿಸಿರಬೇಕು. ಇನ್ನೊಂದು ವಿಶೇಷ: ಉಗುರುಬಣ್ಣ ಒಣಗುವ ಮುನ್ನ ಬೆರೆಸಿದರೆ ಬೊಟ್ಟಿನ ಬೀಜಗಳು ಒಂದಕ್ಕೊಂದು ಅಂಟಿಕೊಂಡು ಜೊತೆಜೊತೆಯಾಗಿ ಕೈಗೆ ಬರುತ್ತವೆ, ಅಂದಾಜುಗಳು ಇನ್ನಷ್ಟು ಚೆಲ್ಲಾಪಿಲ್ಲಿಯಾಗುತ್ತವೆ. ಅವಸರದ ಗುಂಪೊಂದರಿಂದ ಇಂತಹ ಅಚಾತುರ್ಯ ನಡೆದರೆ ಉಪಾಧ್ಯಾಯನು ಕೋಪಿಸಿಕೊಳ್ಳದೆ ಅದನ್ನೇ ಮರುದಿನದ ಪಾಠವನ್ನಾಗಿ ಮಾಡಿಕೊಳ್ಳತಕ್ಕದ್ದು.

ಇದು ಮಕ್ಕಳಾಟವೆಂದು ಮೂಗುಮುರಿಯುವವರಿಗೆ ಲಕ್ಕವಳ್ಳಿಯ ಕಾಡನ್ನು ತೋರಿಸಬೇಕು. 1998ರಲ್ಲಿ ಹುಲಿಯೋಜನೆಗೆ ಸೇರಿದ ಭದ್ರಾ ಅಭಯಾರಣ್ಯದ ಒಂದು ವಲಯವೇ ಲಕ್ಕವಳ್ಳಿ. ಹುಲಿಗಳನ್ನು ಹೆಜ್ಜೆಗುರುತಿನಿಂದ ಎಣಿಸುತ್ತಿದ್ದ ಹಳೆಯ ಕ್ರಮವನ್ನು ಪ್ರಶ್ನಿಸಿ, ಕ್ಯಾಮೆರಾಗಳನ್ನು ಕಾಡಿನ ದಾರಿಗಳಲ್ಲಿ ಕಟ್ಟಿ, ಪಟ್ಟೆಗಳ ವಿನ್ಯಾಸದಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಮತ್ತೆ ಮತ್ತೆ ಸಿಕ್ಕವು ಎಷ್ಟು, ಹೊಸದಾಗಿ ಸಿಕ್ಕವು ಎಷ್ಟು ಎಂಬುದರಿಂದ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡುವ ಮಾರ್ಗವನ್ನು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಿಂದ ಮೊದಲುಮಾಡಿ ಬೆಳೆಸಿದರು; ಅವರೂ ಅಮೆರಿಕದ ಜೇಮ್ಸ್ ನಿಕೋಲ್ಸರೂ ಕೂಡಿ 1998ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದಲ್ಲಿ ಪ್ರಮಾಣಭೂತವಾದುದು. ಹುಣಿಸೆಬೀಜದ ಬೊಟ್ಟಿಗೂ ಹುಲಿಯ ಪಟ್ಟೆಗೂ ನಡುವೆ ತತ್ತ್ವದಲ್ಲಿ ಭೇದವಿಲ್ಲ. ಕಷ್ಟಗಳಲ್ಲಿ ಬಹಳ ಭೇದವಿದೆ. ಬೀಜವು ಬಿಂದಿಗೆಯನ್ನು ಬಿಟ್ಟು ಹೋಗದು, ಹುಲಿಯಾದರೋ ಸಮೀಕ್ಷೆಯ ಎಲ್ಲೆಯನ್ನು ದಾಟಿ ಹೋದೀತು, ಬಂದೀತು. ಈ ಭೇದಗಳನ್ನು ಪಟ್ಟಿಮಾಡುವುದು ಎರಡನೆಯ ಗಂಟೆಯ ಕೆಲಸವಾಗಲಿ. ಇದಕ್ಕೆ ಗುಂಪಿನ ಚರ್ಚೆಯೇ ತಕ್ಕುದು, ಏಕೆಂದರೆ ಕಾಡಂಚಿನ ಹಳ್ಳಿಯಿಂದ ಬಂದ ಹುಡುಗಿಗೆ ತಿಳಿದಿರುವ ಸಂಗತಿ ಪಟ್ಟಣದ ಹುಡುಗನಿಗೆ ತಿಳಿದಿರುವುದಿಲ್ಲ. ದುಂಡಗಿನ ಅಕ್ಷರಕ್ಕಾಗಿ ಮಾತ್ರ ಗುಂಪಿಗೆ ಬೇಕಾಗಿದ್ದವಳು ಈಗ ತನ್ನ ಅನುಭವಕ್ಕಾಗಿ ಬೇಕಾಗುತ್ತಾಳೆ.

ನಿದರ್ಶನಗಳಿಗೆ ಬರವಿಲ್ಲ. ಐದು ಮೀಟರಿನ ಚೌಕವನ್ನು ಗದ್ದೆಯಲ್ಲಿ ಗುರುತಿಸಿ, ಅಷ್ಟರ ಭತ್ತವನ್ನು ಕೊಯ್ದು ಬಡಿದು ತೂಗುವ ಬೆಳೆ ಕಟಾವು ಪ್ರಯೋಗವು ನಮ್ಮ ಹಳ್ಳಿಗಳಲ್ಲಿ ಕಂದಾಯ, ಕೃಷಿ ಇಲಾಖೆಗಳವರಿಂದ ಪ್ರತಿ ಹಂಗಾಮಿನಲ್ಲಿಯೂ ನಡೆಯುತ್ತದೆ. ಪಂಚಾಯಿತಿಯ ಎಲ್ಲ ರೈತರಿಗೆ ಬೆಳೆವಿಮೆಯ ಪರಿಹಾರ ಬರುವುದೂ ಬಾರದಿರುವುದೂ ಆ ಕೆಲವು ಚೌಕಗಳ ತೂಕದ ಮೇಲೆ ನಿಂತಿದೆ. ಆ ಚೌಕವನ್ನು ಬದುವಿನ ಪಕ್ಕದಲ್ಲಿ ಹಾಕಿದರೆ ಏನಾಗುವುದು, ಗದ್ದೆಯ ನಡುವೆ ಹಾಕಿದರೆ ಏನಾಗುವುದು ಎಂಬುದನ್ನು ಎರಡು ಗುಂಪುಗಳು ಬೇರೆಬೇರೆಯಾಗಿ ನೋಡಿ ಬಂದು ಹೇಳಿದರೆ, ಯಾದೃಚ್ಛಿಕ ಆಯ್ಕೆಯ ಅಗತ್ಯವನ್ನು ಮತ್ತೆ ಬೋಧಿಸಬೇಕಾಗಿಲ್ಲ.

ಆಕ್ಷೇಪಣೆಗಳು ಇಲ್ಲದಿಲ್ಲ. ಪೋರ್ಷನ್ ಮುಗಿಯುವುದಿಲ್ಲ ಎಂಬುದು ಮೊದಲನೆಯದು; 2021-22ರಲ್ಲಿ ಹೊಸ ಶಿಕ್ಷಣ ನೀತಿಯೊಡನೆ ಒಮ್ಮೆ, 2024-25ರಲ್ಲಿ ಮೂರು ವರ್ಷದ ಪದವಿಗೆ ಹಿಂದಿರುಗಿದಾಗ ಇನ್ನೊಮ್ಮೆ ಪಠ್ಯಕ್ರಮ ಬದಲಾದುದರಿಂದ, ಅಧ್ಯಾಪಕರಿಗೆ ಹೊಸ ಪತ್ರಿಕೆಯನ್ನು ಓದಿಕೊಳ್ಳುವುದರಲ್ಲಿಯೇ ಸೆಮಿಸ್ಟರು ಕಳೆಯುತ್ತದೆಂಬ ಮಾತು ಸುಳ್ಳಲ್ಲ. ತರಗತಿಯ ಕೆಲಸವನ್ನೆಲ್ಲ ಹೊತ್ತವರು ಅನೇಕ ಕಡೆ ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತಾವು ಅದೇ ಕಾಲೇಜಿನಲ್ಲಿರುತ್ತೇವೆಯೋ ಇಲ್ಲವೋ ತಿಳಿಯದವರಿಂದ ಹೊಸ ಪ್ರಯೋಗಗಳನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ನಾನು ಹೇಳುತ್ತಿರುವುದು ಪಠ್ಯಕ್ರಮವನ್ನು ಗುಂಪಿನ ಕೆಲಸದಿಂದಲೇ ತುಂಬಿರೆಂದಲ್ಲ. ಸೂತ್ರವನ್ನು ನಿಷ್ಪತ್ತಿ ಮಾಡುವುದಕ್ಕೂ ಲೆಕ್ಕವನ್ನು ರೂಢಿಸಿಕೊಳ್ಳುವುದಕ್ಕೂ ಏಕಾಂತವೇ ಉತ್ತಮ. ಅಲ್ಲಿ ಗುಂಪು ಮಾಡಿದರೆ ಬಲ್ಲವನು ಮಾಡುತ್ತಾನೆ, ಅರಿಯದವನು ನೋಡುತ್ತಾನೆ. ದತ್ತಾಂಶವನ್ನು ಸಂಗ್ರಹಿಸುವಲ್ಲಿ, ಅಂದಾಜುಗಳನ್ನು ಹೋಲಿಸುವಲ್ಲಿ, ಭೇದಗಳಿಗೆ ಕಾರಣವನ್ನು ಹುಡುಕುವಲ್ಲಿ ಗುಂಪಿಗೆ ಬದಲಿಯಿಲ್ಲ. ಒಂದು ಸೆಮಿಸ್ಟರಿನಲ್ಲಿ ಇಂತಹ ಗಂಟೆಗಳು ನಾಲ್ಕಾರು ಸಾಕು. ಅಂಕದ ವಿಷಯ ಹೇಳುವುದಾದರೆ, ಗುಂಪಿಗೆ ಒಟ್ಟಾಗಿ ಅಂಕ ಕೊಡುವ ಪದ್ಧತಿಯನ್ನು ಕೈಬಿಡುವುದೇ ಲೇಸು: ಸಂಗ್ರಹ ಗುಂಪಿನದಾಗಲಿ, ಬರಹ ಒಬ್ಬೊಬ್ಬರದಾಗಲಿ, ಐದು ನಿಮಿಷದ ಮೌಖಿಕ ಪ್ರಶ್ನೆ ಒಬ್ಬೊಬ್ಬರಿಗೂ ಇರಲಿ. ಗುಂಪು ಕೂಡತಕ್ಕದ್ದು ತರಗತಿಯ ವೇಳೆಯಲ್ಲಿಯೇ ಹೊರತು ಸಂಜೆಯ ಬಸ್ಸು ಹೊರಟ ಮೇಲಲ್ಲ.

ಮಹಲನೋಬಿಸರ ಜನ್ಮದಿನವಾದ ಜೂನ್ 29ನ್ನು 2007ರಿಂದ ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನವೆಂದು ಆಚರಿಸಲಾಗುತ್ತಿದೆ. ಆ ದಿನ ನಮ್ಮ ಕಾಲೇಜುಗಳಲ್ಲಿ ಹಾರ, ಭಾಷಣ, ಪ್ರಬಂಧ ಸ್ಪರ್ಧೆ ಇವೇ ಮೊದಲಾದವು ಯಥಾಪ್ರಕಾರ ನಡೆಯಲಿ, ಅದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ತರೀಕೆರೆಯ ಒಂದು ತರಗತಿಯೂ ಭದ್ರಾವತಿಯ ಒಂದು ತರಗತಿಯೂ ಮುಂಚಿತವಾಗಿ ಮಾತನಾಡಿಕೊಳ್ಳದೆ ಒಂದೇ ಪ್ರಶ್ನೆಯನ್ನು, ಉದಾಹರಣೆಗೆ ಲಕ್ಕವಳ್ಳಿಯ ಕಡೆಯಿಂದ ಕಾಲೇಜಿಗೆ ಬರುವ ಮಕ್ಕಳು ಬಸ್ಸಿನಲ್ಲಿ ಕಳೆಯುವ ಸರಾಸರಿ ಕಾಲವೆಷ್ಟು ಎಂಬುದನ್ನು, ತಮ್ಮ ತಮ್ಮ ಮಾದರಿಯಿಂದ ಅಂದಾಜು ಮಾಡಿ, ಆ ದಿನ ಎರಡು ಚೀಟಿಗಳನ್ನೂ ಒಟ್ಟಿಗೆ ಬಿಚ್ಚಲಿ; ಅದನ್ನು ಏರ್ಪಡಿಸುವ ಅಧ್ಯಾಪಕರು ಯಾರೇ ಆಗಲಿ, ಈ ವರ್ಷವೇ ಮೊದಲುಮಾಡಬೇಕೆಂದು ನನ್ನ ವಿಜ್ಞಾಪನೆ.